ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೇಡ

(ಸಂಘದ ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಹಾಲಿನ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೂ ನಾಲ್ಕು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ. ರಾಸುಗಳ ಬಗ್ಗೆ, ಮೇವಿನ ಬಗ್ಗೆ, ಹಾಲಿನ ಗುಣಮಟ್ಟದ ಬಗ್ಗೆ ತಿಳಿದವರು ಈಗಾಗಲೇ ಮಾತಾಡಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ. ಸ್ಟಾರ್ಟರ್ ಪೆಟ್ಟಿಗೆ, ಕಂಡೆನ್ಸರ್, ರಿಲೇ, ಎಲ್‌ಇಡಿ ಬಲ್ಬು, ತೂಕದ ಯಂತ್ರ ಇವು ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕೋದು ಹೇಗೆ ಎಂಬುದೇ ಆ ವಿಷಯ.

"ಹಾಲಿನ ಸಂಘಕ್ಕೂ ಕಂಡೆನ್ಸರಿಗೂ ಏನಪ್ಪಾ ಸಂಬಂಧ?" ಎಂದು ಹಿರಿಯರು ಕೇಳಬಹುದು. ಸಂಬಂಧ ಇದೆ. ಬೋರ್‌ವೆಲ್ ನಿಂತರೆ ಹಸಿ ಮೇವಿಲ್ಲ, ಮೇವಿಲ್ಲದಿದ್ದರೆ ಹಾಲಿಲ್ಲ. ಸಂಘ ಶುರುವಾದ ಕಾಲದಲ್ಲಿ ಅಳತೆಯ ಮಾಪು, ಲ್ಯಾಕ್ಟೋಮೀಟರ್, ಆಸಿಡ್ ಹಾಕಿ ಕೈಯಲ್ಲಿ ತಿರುಗಿಸುವ ಫ್ಯಾಟ್ ಯಂತ್ರ ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ಈಗ ತೂಕವೂ ಕರೆಂಟಿನದು, ಫ್ಯಾಟ್ ನೋಡುವುದೂ ಕರೆಂಟಿನದು, ಚೀಟಿ ಕೊಡುವುದೂ ಕರೆಂಟಿನದು. ಮನೆಯಲ್ಲಿ ಯುಪಿಎಸ್, ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಮೋಟ್ರು, ಹೊಲದಲ್ಲಿ ಮೊಬೈಲಿನಿಂದ ಓಡಿಸುವ ಸ್ಟಾರ್ಟರ್. ಇವೆಲ್ಲ ನಮ್ಮ ಮನೆಯ ರಾಸುಗಳಷ್ಟೇ ಬಳಕೆಗೆ ಬಂದಿವೆ. ಆದರೆ ರಾಸಿಗೆ ಮೈ ಬಿಸಿಯಾದರೆ ನಾವು ಮೊದಲು ಕಿವಿ ಮುಟ್ಟಿ ನೋಡುತ್ತೇವೆ, ಮೆಲುಕು ಹಾಕ್ತಿದೆಯಾ ಅಂತ ನೋಡುತ್ತೇವೆ, ಆಮೇಲೆ ಡಾಕ್ಟರನ್ನು ಕರೆಯುತ್ತೇವೆ. ಸ್ಟಾರ್ಟರ್ ಕೆಟ್ಟರೆ ಮಾತ್ರ ಏನನ್ನೂ ನೋಡದೆ ಸೀದಾ ಅಂಗಡಿಗೆ ಹೋಗಿ ಒಂದು ಕಂಡೆನ್ಸರ್ ತರುತ್ತೇವೆ. ಅದು ಆಗಲಿಲ್ಲ ಅಂದರೆ ರಿಲೇ. ಅದೂ ಆಗಲಿಲ್ಲ ಅಂದರೆ ಮೋಟ್ರು ಎತ್ತುವ ಗಾಡಿ. ಇದಕ್ಕೇ ನಮ್ಮ ದೊಡ್ಡವರು ಹೇಳಿದ್ದು, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದರಂತೆ ಅಂತ.

ನಾವು ಹೇಳಬೇಕಾದ್ದು ಇಷ್ಟೇ. ಕೆಟ್ಟ ಸಾಮಾನು ಬದಲಾಯಿಸುವ ಮೊದಲು ಕೆಟ್ಟ ಕಾರಣ ಹುಡುಕಬೇಕು. ಅದನ್ನು ಒಬ್ಬೊಬ್ಬರೇ ಹುಡುಕುವುದಕ್ಕಿಂತ ನಾಲ್ಕು ಜನ ಕೂತು ಹುಡುಕಿದರೆ ದುಡ್ಡೂ ಉಳಿಯುತ್ತೆ, ಜೀವವೂ ಉಳಿಯುತ್ತೆ.

ಶನಿವಾರದ ಸಂಜೆ

ತಮಗೆ ಗೊತ್ತಿರುವಂತೆ ಪ್ರತಿ ಶನಿವಾರ ಸಂಜೆ ಹಾಲು ಹಾಕಿ ಆದ ಮೇಲೆ ಸಂಘದ ಜಗುಲಿಯ ಮೇಲೆ ಐದಾರು ಜನ ಕೂರುತ್ತೇವೆ. ಒಬ್ಬರು ನಿವೃತ್ತ ಲೈನ್‌ಮನ್, ಒಬ್ಬರು ಟೈಲರ್, ಇಬ್ಬರು ಐಟಿಐ ಓದಿದ ಹುಡುಗರು, ಉಳಿದವರು ನಮ್ಮ ಹಾಗೆ ಬೇಸಾಯದವರು. ಯಾರಿಗೂ ಇದು ಕಸುಬಲ್ಲ, ಹವ್ಯಾಸ. ಹಳೇ ರೇಡಿಯೋದ ಬೋರ್ಡು, ಸತ್ತ ಚಾರ್ಜರ್, ಒಂದು ಮಲ್ಟಿಮೀಟರ್, ಬೆಸುಗೆ ಹಾಕುವ ಕಡ್ಡಿ ಇವೇ ನಮ್ಮ ಆಸ್ತಿ.

ಈ ಹವ್ಯಾಸ ನಮ್ಮ ಸೀಮೆಗೆ ಹೊಸದೇನಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರಿನಲ್ಲಿ ಮೂವರು ವಿಜ್ಞಾನಿಗಳ ಕೆಲಸದಿಂದ ಟ್ರಾನ್ಸಿಸ್ಟರ್ ಎಂಬ ಪುಟ್ಟ ಸಾಮಾನು ಹುಟ್ಟಿತು. ನಮ್ಮ ಹಳ್ಳಿಗಳಲ್ಲಿ ರೇಡಿಯೋಗೇ "ಟ್ರಾನ್ಸಿಸ್ಟರ್" ಅಂತ ಹೆಸರು ನಿಂತುಹೋಯ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. ಬಿಡಿ ಸಾಮಾನು ಬೇಕೆಂದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಎಸ್.ಪಿ. ರೋಡಿಗೆ ಹೋಗುವ ರೂಢಿ ಈಗಲೂ ಇದೆ.

ಹಿಂದಿನ ರೇಡಿಯೋ ರಿಪೇರಿಯವರ ಒಂದು ಉಪಾಯ ಕೇಳಿ. ರೇಡಿಯೋ ಮಾತಾಡ್ತಿಲ್ಲ ಅಂದರೆ ಅವರು ಸೆಲ್ಲಿನಲ್ಲಿ ಓಡುವ ಆ ಪೆಟ್ಟಿಗೆ ಬಿಚ್ಚಿ, ವಾಲ್ಯೂಮ್ ತಿರುಗಿಸುವ ಜಾಗದ ನಡುವಿನ ಕಾಲಿಗೆ ಬೆರಳು ತಾಗಿಸುತ್ತಿದ್ದರು. ಸ್ಪೀಕರಿನಲ್ಲಿ "ಗುಂಯ್" ಅಂದರೆ ಅಲ್ಲಿಂದ ಸ್ಪೀಕರಿನವರೆಗೆ ಎಲ್ಲ ಸರಿ, ರೋಗ ಇರೋದು ಸ್ಟೇಷನ್ ಹಿಡಿಯುವ ಭಾಗದಲ್ಲಿ ಅಂತ ಲೆಕ್ಕ. ಶಬ್ದವೇ ಬರದಿದ್ದರೆ ರೋಗ ಈಚೆ ಭಾಗದಲ್ಲಿ. ಒಂದೇ ಬೆರಳಿನಲ್ಲಿ ಅರ್ಧ ರೇಡಿಯೋ ಪರೀಕ್ಷೆ ಮುಗೀತು. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುವುದು. (ಇದು ಸೆಲ್ಲಿನ ರೇಡಿಯೋಗೆ ಮಾತ್ರ. ಮನೆ ಕರೆಂಟಿನ ಯಾವುದಕ್ಕೂ ಬೆರಳು ಹಾಕಬೇಡಿ.) ನಾವು ಕಲಿತ ದಾರಿ ಇದೇ. ಮೊದಲು ಕೇಳುವ ಪ್ರಶ್ನೆ: ಯಾವಾಗಿಂದ ಹೀಗೆ, ಯಾವ ಹೊತ್ತಿನಲ್ಲಿ ಹೀಗೆ? ಎರಡನೇದು: ಕರೆಂಟು ಸರಿಯಾಗಿ ಬರ್ತಾ ಇದೆಯಾ? ಮೂರನೇದು: ಜಾಯಿಂಟು ಗಟ್ಟಿ ಇದೆಯಾ? ಸಾಮಾನಿನ ಮೇಲೆ ಅನುಮಾನ ಬರಬೇಕಾದ್ದು ಕೊನೆಗೆ.

ನಮ್ಮದು ಮಧುಗಿರಿ ತಾಲ್ಲೂಕಾದರೂ ಪಡುವಣಕ್ಕೆ ಶಿರಾ, ತೆಂಕಣಕ್ಕೆ ಕೊರಟಗೆರೆ, ಬಡಗಣಕ್ಕೆ ಆಂಧ್ರದ ಮಡಕಶಿರಾ ಸೀಮೆ ದಾಟಿದರೆ ಪಾವಗಡ. ನಾಲ್ಕೂ ಕಡೆ ನಮ್ಮ ಬೀಗರು ನೆಂಟರು ಇದ್ದಾರೆ. ಅಲ್ಲಿಂದೆಲ್ಲ ನಮ್ಮ ಜಗುಲಿಗೆ ಬಂದ ಕೆಲವು ಪ್ರಸಂಗಗಳನ್ನು ಹೇಳುತ್ತೇವೆ.

ಟಕ್ ಟಕ್ ಅನ್ನುವ ಸ್ಟಾರ್ಟರ್

ಶಿರಾ ಕಡೆಯ ನಮ್ಮ ಬೀಗರೊಬ್ಬರದು ಕಡಲೆಕಾಯಿ ಹೊಲ. ಹತ್ತು ಎಚ್‌ಪಿ ಮೋಟ್ರು. ಗುಂಡಿ ಒತ್ತಿದರೆ ಸ್ಟಾರ್ಟರ್ "ಟಕ್ ಟಕ್ ಟಕ್" ಅಂತ ಬಡಿದುಕೊಂಡು ಬಿಟ್ಟುಬಿಡುತ್ತಿತ್ತು. ಕಾಯಿಲ್ ಹೋಗಿದೆ ಅಂದರು, ಬದಲಾಯಿಸಿದರು. ಎಂಟು ದಿನಕ್ಕೆ ಮತ್ತೆ ಅದೇ. ಎರಡನೇ ಕಾಯಿಲ್ ಹಾಕಿದರು. ಆಮೇಲೆ ಮೋಟ್ರೇ ಎತ್ತಬೇಕು ಅಂದರು. ಆಗ ನಮ್ಮ ಹತ್ತಿರ ಬಂದರು.

"ಬೀಗರೇ, ಕರೆಂಟು ನೋಡಿದ್ರಾ?" ಅಂದೆವು.

"ನೋಡಿದೀವಿ ಬೀಗರೇ, ಮೂರು ಫೇಸೂ ನಾನೂರರ ಮೇಲೆ ಐತೆ."

"ಮೋಟ್ರು ನಿಂತಿದ್ದಾಗ ನೋಡಿದ್ರೋ, ಎಳೆಯೋವಾಗ ನೋಡಿದ್ರೋ?"

ಗುಟ್ಟು ಇರೋದು ಇಲ್ಲೇ. ಮೀಟರು ತಾನು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಮ್ಮಿ. ತಂತಿಯ ಜಾಯಿಂಟು ಸುಟ್ಟು ಒಂದೆಳೆ ಮಾತ್ರ ತಾಗಿಕೊಂಡಿದ್ದರೂ ಮೀಟರಿಗೆ ಪೂರಾ ವೋಲ್ಟೇಜು ಸಿಗುತ್ತೆ. ಮೋಟ್ರು ಹೊರಡುವಾಗ ಓಡುವಾಗಿನ ಆರು ಪಟ್ಟಿನಷ್ಟು ಕರೆಂಟು ಎಳೆಯುತ್ತೆ. ಆಗ ಆ ಒಂದೆಳೆಯಲ್ಲೇ ವೋಲ್ಟೇಜು ಕುಸಿಯುತ್ತೆ. ಕಾಯಿಲಿಗೆ ಹಿಡಿದುಕೊಳ್ಳುವ ಶಕ್ತಿ ಸಾಲದೆ ಬಿಟ್ಟುಬಿಡುತ್ತೆ. ಬಿಟ್ಟ ತಕ್ಷಣ ಭಾರ ಇಳಿದು ವೋಲ್ಟೇಜು ಮತ್ತೆ ಬರುತ್ತೆ, ಮತ್ತೆ ಹಿಡಿಯುತ್ತೆ. ಅದೇ ಟಕ್ ಟಕ್. ನಮ್ಮ ಲೈನ್‌ಮನ್ ತಾತ ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು, ಗುಂಡಿ ಒತ್ತಿಸುತ್ತಾ ಮೇನ್ ಸ್ವಿಚ್ಚಿನ ಆಚೆ ಈಚೆ ಅಳೆದರು. ಆಚೆ ಇದ್ದ ವೋಲ್ಟೇಜು ಈಚೆ ಇರಲಿಲ್ಲ. ಕರೆಂಟು ತೆಗೆದು ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ ತಂತಿಯನ್ನು ತಾಮ್ರದ ತಂತಿಗೆ ಬರಿಗೈಯಲ್ಲಿ ಸುತ್ತಿದ್ದ ಜಾಯಿಂಟು ಕಪ್ಪಾಗಿ ಕರಕಲಾಗಿತ್ತು. ಈ ಎರಡು ಲೋಹ ನೇರವಾಗಿ ಸೇರಿದರೆ, ಅದರಲ್ಲೂ ತೇವ ತಾಗಿದರೆ, ನಡುವೆ ಕಿಲುಬು ಕಟ್ಟುತ್ತೆ. ಅದಕ್ಕೆ ಅಂತಲೇ ಎರಡು ಲೋಹದ ಲಗ್ಗು ಸಿಗುತ್ತೆ. ಲಗ್ಗು ಹಾಕಿ ಬಿಗಿ ಮಾಡಿದ ಮೇಲೆ ಹಳೇ ಕಾಯಿಲೇ ಕೆಲಸ ಮಾಡಿತು.

ಇದರ ಜೊತೆಗೆ ಕೇಬಲಿನ ಲೆಕ್ಕವೂ ಇದೆ. ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಬೋರ್‌ವೆಲ್ ಆಳಕ್ಕೆ ಇಳಿದಿದೆ. ಒಂದು ಸಾವಿರ ಅಡಿ ಕೇಬಲ್, 17 ಆಂಪಿಯರ್ ಎಳೆಯುವ ಮೋಟ್ರು ಅಂತ ಇಟ್ಟುಕೊಳ್ಳಿ. 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಆದರೆ ದಾರಿಯಲ್ಲೇ ಸುಮಾರು 41 ವೋಲ್ಟ್ ನುಂಗುತ್ತೆ. 6 ಚದರ ಮಿಲಿಮೀಟರ್ ಆದರೆ ಸುಮಾರು 28. ಮೇಲೆ 415 ಇದ್ದದ್ದು ತಳದ ಮೋಟ್ರಿಗೆ ಒಂದರಲ್ಲಿ 374, ಇನ್ನೊಂದರಲ್ಲಿ 387. ವೋಲ್ಟೇಜು ನೂರಕ್ಕೆ ಎಂಬತ್ತಾದರೆ ಮೋಟ್ರಿನ ಎಳೆಯುವ ಬಲ ಎಂಬತ್ತಲ್ಲ, ಅರವತ್ತನಾಲ್ಕಕ್ಕೆ ಇಳಿಯುತ್ತೆ. ಕೇಬಲಿನಲ್ಲಿ ಉಳಿಸಿದ ದುಡ್ಡು ವೈಂಡಿಂಗಿಗೆ ಹೋಗುತ್ತೆ ಅಂತ ನಾವು ಹೇಳೋದು ಇದಕ್ಕೇ.

ಮೂರು ಸಾರಿ ಸಿಡಿದ ಕಂಡೆನ್ಸರ್

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಕಡೆ ನಮ್ಮ ನೆಂಟರದು ಅಡಿಕೆ ತೋಟ. ಮನೆಯ ಹತ್ತಿರ ಸಿಂಗಲ್ ಫೇಸಿನ ಒಂದೂವರೆ ಎಚ್‌ಪಿ ಮೋಟ್ರು. ಒಂದೇ ವರ್ಷದಲ್ಲಿ ಮೂರು ಸಾರಿ ಸ್ಟಾರ್ಟಿಂಗ್ ಕಂಡೆನ್ಸರ್ ಉಬ್ಬಿ ಸಿಡಿದಿತ್ತು. "ಈಗ ಬರೋ ಮಾಲೇ ಸರಿಯಿಲ್ಲ ಬಿಡಿ" ಅಂತ ಅಂಗಡಿಯವರನ್ನು ಬೈದುಕೊಂಡೇ ಬಂದರು.

ಹುಡುಗರು ಪ್ಯಾನಲ್ ತರಿಸಿ ಎದುರಿಗಿಟ್ಟುಕೊಂಡು ಚರ್ಚೆಗೆ ಕೂತರು. ಒಬ್ಬ ಮಾಲಿನ ದೋಷ ಅಂದ, ಇನ್ನೊಬ್ಬ ವೋಲ್ಟೇಜು ಜಾಸ್ತಿ ಅಂದ. ಟೈಲರ್ ಅಣ್ಣ ಮಾತ್ರ, "ಮೂರೂ ಸಲ ಅದೇ ಯಾಕೆ ಹೋಯ್ತು? ಪಕ್ಕದ ಇನ್ನೊಂದು ಯಾಕೆ ಹೋಗಲಿಲ್ಲ?" ಅಂದರು. ಸರಿಯಾದ ಪ್ರಶ್ನೆ.

ಈ ಪ್ಯಾನಲಿನಲ್ಲಿ ಎರಡು ಕಂಡೆನ್ಸರ್ ಇರುತ್ತವೆ. ರನ್ನಿಂಗ್ ಕಂಡೆನ್ಸರ್ ಮೋಟ್ರು ಓಡುವಷ್ಟು ಹೊತ್ತೂ ಕೆಲಸ ಮಾಡುವಂಥದ್ದು. ಅದರ ಮೇಲೆ ಸಾಮಾನ್ಯವಾಗಿ 440 ವೋಲ್ಟ್ ಅಂತ ಬರೆದಿರುತ್ತೆ, ಯಾಕೆಂದರೆ ಓಡುವಾಗ ಅದರ ಮೇಲೆ ಮನೆ ಕರೆಂಟಿಗಿಂತ ಹೆಚ್ಚು ವೋಲ್ಟೇಜು ಬೀಳುತ್ತೆ. ಸ್ಟಾರ್ಟಿಂಗ್ ಕಂಡೆನ್ಸರ್ ಹಾಗಲ್ಲ. ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಅದು ದೊಡ್ಡದು, ಆದರೆ ಎರಡು ಮೂರು ಸೆಕೆಂಡಿನ ಕೂಲಿಯಾಳು. ಗಾಡಿ ತಳ್ಳಿ ಹೊರಡಿಸಿ ಪಕ್ಕಕ್ಕೆ ಸರಿಯಬೇಕು. ಗಾಡಿಯ ಜೊತೆಗೇ ಊರವರೆಗೂ ಓಡಿಸಿದರೆ ಬಿಸಿಯಾಗಿ ಸಿಡಿಯುತ್ತೆ.

ಈ ಪ್ಯಾನಲಿನಲ್ಲಿ ಅದನ್ನು ಪಕ್ಕಕ್ಕೆ ಸರಿಸುವುದು ಹಸಿರು ಗುಂಡಿ. ಒತ್ತಿದ್ದಾಗ ಸೇರಿಸಬೇಕು, ಬಿಟ್ಟಾಗ ಬಿಡಿಸಬೇಕು. ಕರೆಂಟು ಇಲ್ಲದ ಪ್ಯಾನಲಿನಲ್ಲಿ ಗುಂಡಿ ಬಿಟ್ಟು ಮೀಟರಿನ ಬೀಪ್ ಹಾಕಿ ನೋಡಿದರೆ ಬೀಪ್ ನಿಲ್ಲಲೇ ಇಲ್ಲ. ಒಳಗಿನ ಪಾಯಿಂಟು ಸುಟ್ಟು ಅಂಟಿಕೊಂಡಿತ್ತು. ಗುಂಡಿ ಬದಲಾಯಿಸಿದ ಮೇಲೆ ಕಂಡೆನ್ಸರಿನ ಗೋಳು ನಿಂತಿತು. ಕಂಡೆನ್ಸರ್ ಅಲ್ಲಿ ರೋಗಿ ಅಷ್ಟೇ, ರೋಗ ಇದ್ದದ್ದು ಗುಂಡಿಯಲ್ಲಿ.

ತಾಯಂದಿರಿಗೂ ಇದು ಉಪಯೋಗಕ್ಕೆ ಬರುತ್ತೆ. ಮನೆ ಫ್ಯಾನು ವರ್ಷ ಕಳೆದಂತೆ ನಿಧಾನವಾಗುತ್ತಾ ಬಂದರೆ, ಕೈಯಲ್ಲಿ ತಳ್ಳಿದರೆ ಮಾತ್ರ ತಿರುಗಿದರೆ, ಹೆಚ್ಚಿನ ಸಲ ಫ್ಯಾನಿನದೇನೂ ತಪ್ಪಿರೋಲ್ಲ. ಅದರ ತಲೆಯ ಹತ್ತಿರದ ಪುಟ್ಟ ಕಂಡೆನ್ಸರ್ 2.5 ಮೈಕ್ರೋಫ್ಯಾರಡ್ ಇದ್ದದ್ದು ಸವೆದು ಕಮ್ಮಿಯಾಗಿರುತ್ತೆ. ಮೇಲೆ ಬರೆದಿರುವ ಅಂಕಿಯದನ್ನೇ ಹಾಕಿಸಿ. ಜಾಸ್ತಿ ಹಾಕಿದರೆ ಜಾಸ್ತಿ ಗಾಳಿ ಅನ್ನುವುದು ಸುಳ್ಳು, ಫ್ಯಾನು ಬಿಸಿಯಾಗುತ್ತೆ.

ಒಂದು ಎಚ್ಚರಿಕೆ. ಕಂಡೆನ್ಸರ್ ಅಂದರೆ ನೀರು ತುಂಬಿಟ್ಟ ಗುಡಾಣ ಇದ್ದಂತೆ. ಕರೆಂಟು ತೆಗೆದ ಮೇಲೂ ಒಳಗೆ ತುಂಬಿಕೊಂಡೇ ಇರಬಹುದು. ಮನೆಯ 230 ವೋಲ್ಟಿನ ಏರಿಳಿತದ ತುದಿ 325 ವೋಲ್ಟ್. ಅಷ್ಟು ಕೈಗೆ ಬಡಿದರೆ ಏಣಿಯ ಮೇಲಿದ್ದವನು ಕೆಳಗೆ ಬೀಳುತ್ತಾನೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಗಂಡಸ್ತನ ಅಲ್ಲ. ಹಳೇ ಬುರುಡೆ ಬಲ್ಬಿಗೆ ಎರಡು ವೈರು ಕಟ್ಟಿ, ವೈರಿನ ತುದಿ ಕಂಡೆನ್ಸರಿಗೆ ತಾಗಿಸಿ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ.

ಎರಡು ಬೈಪಾಸು

ಇನ್ನು ಪಾವಗಡದ ಪ್ರಸಂಗ. ಅಲ್ಲಿನ ತಿರುಮಣಿ ಸುತ್ತಿನ ಸೋಲಾರ್ ಪಾರ್ಕನ್ನು ಸಂಘದ ಪ್ರವಾಸದಲ್ಲಿ ನಮ್ಮಲ್ಲಿ ಹಲವರು ನೋಡಿದ್ದೀರಿ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ. 2018ರಲ್ಲಿ ಮೊದಲ ಹಂತ ಶುರುವಾಗಿ 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಕಣ್ಣು ಹಾಯುವವರೆಗೂ ಗಾಜಿನ ಹಲಗೆಗಳು. ಇಂಥ ಹಲಗೆಯ ಬೆನ್ನಿಗೆ ಒಂದು ಕಪ್ಪು ಡಬ್ಬಿ ಇರುತ್ತೆ. ಅದರೊಳಗೆ ಸಾಮಾನ್ಯವಾಗಿ ಮೂರು ಡಯೋಡ್. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು. ಹಲಗೆಯ ಒಂದು ಭಾಗದ ಮೇಲೆ ನೆರಳು ಬಿದ್ದರೆ, ಎಲೆ ಕೂತರೆ, ಆ ಭಾಗ ಕರೆಂಟು ಕೊಡುವ ಬದಲು ತಾನೇ ತಡೆಯಾಗಿ ಬಿಸಿಯಾಗುತ್ತೆ. ಆಗ ಡಯೋಡ್ ಬಾಗಿಲು ತೆರೆದು ಕರೆಂಟನ್ನು ಪಕ್ಕದಿಂದ ಸಾಗಿಸಿ ಹಲಗೆ ಸುಡದಂತೆ ಕಾಯುತ್ತೆ. ಅದರ ಹೆಸರೇ ಬೈಪಾಸ್ ಡಯೋಡ್.

ಅದೇ ಸೀಮೆಯ ನಮ್ಮ ನೆಂಟರೊಬ್ಬರ ಹೊಲದಲ್ಲಿ ಇನ್ನೊಂದು ಬೈಪಾಸು ಕಂಡೆವು. ಸ್ಟಾರ್ಟರಿನ ಪಕ್ಕದ ಸಿಂಗಲ್ ಫೇಸ್ ಪ್ರಿವೆಂಟರ್ ಘಳಿಗೆಗೊಮ್ಮೆ ಮೋಟ್ರು ನಿಲ್ಲಿಸುತ್ತಿತ್ತು. "ಇದ್ಯಾಕೋ ಕಾಟ ಕೊಡ್ತೈತೆ" ಅಂತ ಯಾರೋ ಒಂದು ತುಂಡು ವೈರು ಹಾಕಿ ಅದನ್ನು ದಾಟಿಸಿಬಿಟ್ಟಿದ್ದರು. ಈ ಎರಡು ಬೈಪಾಸಿನ ವ್ಯತ್ಯಾಸ ನೋಡಿ. ಡಯೋಡು ಅಪಾಯ ಬಂದಾಗ ದಾರಿ ಬಿಟ್ಟು ಹಲಗೆ ಉಳಿಸುತ್ತೆ. ಈ ವೈರು ಅಪಾಯ ಬಂದಾಗ ಕೂಗುವ ನಾಯಿಯ ಬಾಯಿ ಕಟ್ಟಿ ಮನೆ ಹಾಳುಮಾಡುತ್ತೆ. ಓಡುತ್ತಿರುವ ಮೋಟ್ರಿಗೆ ಮೂರರಲ್ಲಿ ಒಂದು ಫೇಸ್ ಹೋದರೆ ಅದು ನಿಲ್ಲೋಲ್ಲ. ಉಳಿದ ಎರಡು ತಂತಿಯಲ್ಲಿ ಒಂದೂಮುಕ್ಕಾಲು ಪಟ್ಟು ಕರೆಂಟು ಎಳೆದುಕೊಂಡು ಓಡುತ್ತಲೇ ಸುಟ್ಟುಹೋಗುತ್ತೆ. ನಿಂತಿದ್ದರೆ ಹೊರಡದೆ ಗುಂಯ್‌ಗುಟ್ಟುತ್ತಾ ಸುಡುತ್ತೆ.

ಮೊದಲು ಆ ವೈರು ಕಿತ್ತೆವು. ಆಮೇಲೆ ಪ್ರಿವೆಂಟರ್ ಯಾಕೆ ಕೂಗ್ತಿದೆ ಅಂತ ಕೇಳಿದೆವು. ಮೂರು ಫೇಸಿನ ನಡುವೆ ಅಳೆದರೆ 415, 380, 360. ಮೂರರ ಸರಾಸರಿ 385. ಸರಾಸರಿಯಿಂದ ಅತಿ ಹೆಚ್ಚು ದೂರ ಇರೋದು 30 ವೋಲ್ಟ್, ಅಂದರೆ ಶೇಕಡಾ 8ರ ಹತ್ತಿರ. ಇದು ಶೇಕಡಾ 3 ಆದರೇ ಮೋಟ್ರಿನ ಬಿಸಿ ಶೇಕಡಾ 18ರಷ್ಟು ಏರುತ್ತೆ, 5 ದಾಟಿದರೆ ಮೋಟ್ರು ಓಡಿಸಬಾರದು ಅನ್ನುತ್ತಾರೆ ತಿಳಿದವರು. ಅಂದಮೇಲೆ ಪ್ರಿವೆಂಟರ್ ಕೆಟ್ಟಿರಲಿಲ್ಲ, ನಿಜ ಹೇಳುತ್ತಿತ್ತು. ಅಳತೆಯನ್ನು ಹೊತ್ತು ಸಮೇತ ಮೂರು ದಿನ ಬರೆದು ಅರ್ಜಿಯ ಜೊತೆ ಕೊಟ್ಟರು. "ಕರೆಂಟು ಸರಿಯಿಲ್ಲ ಸ್ವಾಮಿ" ಅನ್ನುವ ಮಾತಿಗಿಂತ ಬರೆದ ಅಂಕಿಗೆ ಬೆಲೆ ಹೆಚ್ಚು. ಇಲಾಖೆಯವರು ಬಂದು ನೋಡಿದಾಗ ಟಿಸಿಯ ಒಂದೇ ಫೇಸಿನ ಮೇಲೆ ಮನೆಗಳ ಭಾರವೆಲ್ಲ ಬಿದ್ದಿತ್ತು. ಹಂಚಿ ಕೊಟ್ಟ ಮೇಲೆ ಪ್ರಿವೆಂಟರ್ ಸುಮ್ಮನಾಯಿತು.

ಮೀಟರು ಅಳೆದಷ್ಟನ್ನೇ ಹೇಳುತ್ತೆ

ಹಾಗಂತ ಮೀಟರು ತೋರಿಸಿದ್ದೆಲ್ಲ ವೇದವಾಕ್ಯ ಅಂತಲೂ ತಿಳಿಯಬಾರದು. ಪಾವಗಡ, ಶಿರಾ, ಮಧುಗಿರಿ ಕಡೆ ನೀರಿನ ಫ್ಲೋರೈಡ್ ಕಾಟ ತಮಗೆ ಗೊತ್ತೇ ಇದೆ. ಪೆನ್ನಿನ ಹಾಗಿರುವ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ "ಇನ್ನೂರು ತೋರಿಸ್ತು, ನೀರು ಒಳ್ಳೇದು" ಅನ್ನುವವರಿದ್ದಾರೆ. ಆ ಮೀಟರು ಅಳೆಯೋದು ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ. ಫ್ಲೋರೈಡಿನ ಗಡಿ ಒಂದು ಲೀಟರಿಗೆ 1ರಿಂದ 1.5 ಮಿಲಿಗ್ರಾಂ. ಅದು ಎರಡೋ ಮೂರೋ ಆದರೂ ಇನ್ನೂರರ ಲೆಕ್ಕದಲ್ಲಿ ಕಾಣಿಸೋದೇ ಇಲ್ಲ. ಫ್ಲೋರೈಡಿಗೆ ಬೇರೆ ಪರೀಕ್ಷೆಯೇ ಆಗಬೇಕು. ಯಾವ ಮೀಟರು ಏನನ್ನು ಅಳೆಯುತ್ತೆ ಅಂತ ತಿಳಿಯದೆ ಅದರ ಮಾತು ನಂಬಬಾರದು.

ಎಲ್‌ಇಡಿ ಬಲ್ಬಿನ ಬಗ್ಗೆಯೂ ಹುಡುಗರಿಗೆ ಒಂದು ಮಾತು. ಆ ಬಲ್ಬಿನ ಹಳದಿ ಚುಕ್ಕೆಗಳು ಮಣಿಸರದ ಹಾಗೆ ಒಂದರ ಹಿಂದೆ ಒಂದು ಪೋಣಿಸಿರುತ್ತವೆ. ಒಂದು ಸುಟ್ಟು ನಡುವೆ ಕಪ್ಪು ಬೊಟ್ಟು ಬಿದ್ದರೆ ಸರ ಹರಿದಂತೆ, ಎಲ್ಲ ಆರುತ್ತವೆ. ಸುಟ್ಟ ಚುಕ್ಕೆಗೆ ಬೆಸುಗೆ ಹಾಕಿ ಕೂಡಿಸಿದರೆ ಬಲ್ಬು ಹತ್ತುತ್ತೆ ನಿಜ. ಆದರೆ ಅದು ಹೆಚ್ಚು ದಿನ ಬಾಳೋಲ್ಲ. ಅದನ್ನು ಸುಟ್ಟದ್ದು ಬಿಸಿ, ಆ ಬಿಸಿ ಹಾಗೇ ಇರುತ್ತೆ. ಜೊತೆಗೆ ಕಮ್ಮಿ ಬೆಲೆಯ ಹಲವು ಬಲ್ಬುಗಳ ಒಳತಟ್ಟೆ ನೇರವಾಗಿ ಮನೆ ಕರೆಂಟಿಗೇ ಸೇರಿರುತ್ತೆ. ಮುಚ್ಚಳ ತೆಗೆದು ಉರಿಸಿಕೊಂಡು ಮುಟ್ಟಿದರೆ ಜೀವಕ್ಕೆ ಅಪಾಯ. ಕಲಿಯುವ ಆಸೆ ಇದ್ದರೆ ಕರೆಂಟಿಲ್ಲದೆ ಬಿಚ್ಚಿ ಕಲಿಯಿರಿ.

ತೂಕದ ಯಂತ್ರ ಮತ್ತು ನಂಬಿಕೆ

ಈಗ ನಮ್ಮ ಸಂಘದ್ದೇ ಒಂದು ಪ್ರಸಂಗ. ಕೆಲವು ವರ್ಷದ ಹಿಂದೆ ತೂಕದ ಯಂತ್ರ ಆಗಾಗ ತಪ್ಪು ತೋರಿಸುತ್ತಿದೆ ಎಂಬ ಮಾತು ಎದ್ದಿತು. ಮನೆಯಲ್ಲಿ ಅಳೆದು ತಂದ ಹಾಲು ಇಲ್ಲಿ ಕಾಲು ಕೆ.ಜಿ. ಕಮ್ಮಿ. ಮೊದಲು ಪಿಸುಮಾತು, ಆಮೇಲೆ ಬಹಿರಂಗ. "ಯಂತ್ರ ತಪ್ಪಲ್ಲ, ಕೈ ತಪ್ಪು" ಅಂತ ಕಾರ್ಯದರ್ಶಿಗಳ ಮೇಲೆ ಬೊಟ್ಟು ಮಾಡಿದರು. ಕೆಲವರು ಹಾಲು ಹಾಕೋದನ್ನೇ ನಿಲ್ಲಿಸಿದರು. ಇಷ್ಟು ವರ್ಷ ಕಟ್ಟಿದ ಸಂಘ ಕಾಲು ಕೆ.ಜಿ.ಯಲ್ಲಿ ಒಡೆಯುವ ಹಾಗಿತ್ತು.

ಆಡಳಿತ ಮಂಡಳಿ ನಮ್ಮ ಜಗುಲಿಯವರನ್ನು ಕೂರಿಸಿ ಕೇಳಿತು. ಯಂತ್ರದ ಮೇಲೆ ಕಾನೂನು ಮಾಪನ ಇಲಾಖೆಯ ಸೀಲು ಇದೆ. ಅದನ್ನು ಒಡೆಯುವ ಅಧಿಕಾರ ನಮಗಿಲ್ಲ, ಒಡೆಯಬಾರದು. ಹಾಗಾಗಿ ಮೊದಲ ಪ್ರಶ್ನೆಯನ್ನೇ ಹಿಡಿದೆವು: ತಪ್ಪು ಬರೋದು ಯಾವಾಗ? ದೂರು ಕೊಟ್ಟವರನ್ನೆಲ್ಲ ಕರೆಸಿ ದಿನಾಂಕ, ಹೊತ್ತು ಬರೆದುಕೊಂಡೆವು. ಎಲ್ಲ ದೂರೂ ಬೆಳಗಿನ ಹೊತ್ತಿನದು, ಸಂಜೆಯದು ಒಂದೂ ಇಲ್ಲ. ಬೆಳಿಗ್ಗೆ ಆ ದಿನಗಳಲ್ಲಿ ಕರೆಂಟು ಇರಲಿಲ್ಲ, ಯಂತ್ರ ಬ್ಯಾಟರಿಯಲ್ಲಿ ಓಡುತ್ತಿತ್ತು.

ಈ ಯಂತ್ರದ ತಟ್ಟೆಯ ಕೆಳಗೆ ಒಂದು ಲೋಹದ ತುಂಡು ಇರುತ್ತೆ. ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತೆ. ಅದಕ್ಕೆ ಅಂಟಿಸಿದ ತೆಳು ತಂತಿಗಳ ತಡೆ ಆಗ ಬದಲಾಗುತ್ತೆ. ತಟ್ಟೆ ತುಂಬಿದರೂ ಅದರಿಂದ ಬರೋದು ಸುಮಾರು 10 ಮಿಲಿವೋಲ್ಟ್, ಒಂದು ಟಾರ್ಚ್ ಸೆಲ್ಲಿನ ನೂರೈವತ್ತನೇ ಒಂದು ಪಾಲು. ಇಷ್ಟು ಸೂಕ್ಷ್ಮವಾದ ಲೆಕ್ಕಕ್ಕೆ ಬ್ಯಾಟರಿ ಕುಸಿದರೆ ಅಂಕಿ ಅಲುಗಾಡುತ್ತೆ.

ಪರವಾನಗಿ ಇರುವ ರಿಪೇರಿಯವರನ್ನು ಕರೆಸಿ, ಸದಸ್ಯರ ಎದುರಿಗೇ, ಸೀಲಿಲ್ಲದ ಬ್ಯಾಟರಿ ಖಾನೆ ತೆಗೆಸಿದೆವು. ಸುಮ್ಮನೆ ಅಳೆದರೆ 6 ವೋಲ್ಟ್ ಸರಿಯಾಗಿಯೇ ಇತ್ತು. ಯಂತ್ರದ ಭಾರ ಹಾಕಿ ಅಳೆದರೆ ನೋಡನೋಡುತ್ತಲೇ 5ಕ್ಕಿಂತ ಕೆಳಗೆ ಇಳಿಯಿತು. ಶಿರಾದ ಜಾಯಿಂಟಿನ ಪಾಠವೇ ಇಲ್ಲೂ. ಬ್ಯಾಟರಿ ಬದಲಾಯಿಸಿ, ಮುದ್ರೆ ಇರುವ 20 ಕೆ.ಜಿ. ಬೊಟ್ಟು ಇಟ್ಟು, ಕರೆಂಟು ಇದ್ದಾಗ ಒಮ್ಮೆ, ತೆಗೆದಾಗ ಒಮ್ಮೆ ಎಲ್ಲರಿಗೂ ತೋರಿಸಲಾಯಿತು. ಎರಡು ಸಲವೂ ಇಪ್ಪತ್ತೇ. ಹಾಲು ನಿಲ್ಲಿಸಿದ್ದವರು ಮತ್ತೆ ಬಂದರು. ಬೊಟ್ಟು ಮಾಡಿದ್ದವರಲ್ಲಿ ಹಿರಿಯರೊಬ್ಬರು ತಾವಾಗಿಯೇ ಕಾರ್ಯದರ್ಶಿಗಳ ಹತ್ತಿರ ಹೋಗಿ ಮಾತಾಡಿಸಿದರು. ಅಂದಿನಿಂದ ವಾರಕ್ಕೊಮ್ಮೆ ಬೊಟ್ಟು ಇಟ್ಟು ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ ನಡೆದುಬಂದಿದೆ. ಆ ಪುಸ್ತಕವನ್ನು ಯಾವ ಸದಸ್ಯರು ಬೇಕಾದರೂ ಕೇಳಿ ನೋಡಬಹುದು.

ಮನುಷ್ಯರ ಮೇಲೆ ಅನುಮಾನ ಬಂದಾಗಲೂ ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ ಹಾಕುವ ಅಪಾಯ ಇದೆ ಅನ್ನೋದನ್ನ ನಾವೆಲ್ಲ ಆಗ ಕಂಡೆವು.

ಸಂಘಕ್ಕೆ ನಮ್ಮ ಅರಿಕೆ

ರಜತ ಮಹೋತ್ಸವದ ನೆನಪಿಗೆ ಸಂಘ ಮೂರು ಕೆಲಸ ಮಾಡಬೇಕೆಂದು ಕೋರುತ್ತೇವೆ.

ಒಂದು, ತಂತಿಯನ್ನು ಕಚ್ಚಿ ಆಂಪಿಯರ್ ತೋರಿಸುವ ಒಂದು ಕ್ಲ್ಯಾಂಪ್ ಮೀಟರ್, ಮೋಟ್ರಿನ ವೈಂಡಿಂಗಿನಿಂದ ಕರೆಂಟು ಸೋರುತ್ತಿದೆಯೇ ಎಂದು 500 ವೋಲ್ಟ್ ಕೊಟ್ಟು ನೋಡುವ ಒಂದು ಮೆಗ್ಗರ್ ಕೊಳ್ಳಬೇಕು. ಗ್ರಂಥಾಲಯದ ಪುಸ್ತಕದ ಹಾಗೆ ಸಹಿ ಪಡೆದು ಸದಸ್ಯರಿಗೆ ಕೊಡಬೇಕು. ಬಳಸಲು ಗೊತ್ತಿರುವ ಒಬ್ಬರು ಜೊತೆಗೆ ಹೋಗಬೇಕು. ಮೆಗ್ಗರಿನಲ್ಲಿ ಒಂದು ಮೆಗಾ ಓಮಿಗಿಂತ ಕಮ್ಮಿ ಬಂದರೆ ಮೋಟ್ರು ಎತ್ತುವ ಮಾತು, ಚೆನ್ನಾಗಿದ್ದರೆ ಮೇಲೆಯೇ ಹುಡುಕುವ ಮಾತು. ಗಾಡಿ ಕರೆಸುವ ಮೊದಲು ಇಷ್ಟು ಗೊತ್ತಾದರೆ ಒಬ್ಬೊಬ್ಬ ರೈತರಿಗೂ ಸಾವಿರಾರು ರೂಪಾಯಿ ಉಳಿಯುತ್ತೆ.

ಎರಡು, ಸದಸ್ಯರ ಪ್ರತಿಯೊಂದು ಸ್ಟಾರ್ಟರ್ ಪೆಟ್ಟಿಗೆಗೂ ಅರ್ಥಿಂಗ್ ಆಗಬೇಕು. ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಬೇಕು. ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತಿರುತ್ತೆ. ಅಷ್ಟು ಸಣ್ಣ ವ್ಯತ್ಯಾಸ ಬಂದರೂ ಯಾರ ಮೈಮೂಲಕವೋ ಸೋರುತ್ತಿದೆ ಅಂತ ತಕ್ಷಣ ಕಡಿದುಹಾಕುತ್ತೆ. ಫ್ಯೂಸು ಉಳಿಸೋದು ತಂತಿಯನ್ನು, ಇದು ಉಳಿಸೋದು ಮನುಷ್ಯನನ್ನು.

ಮೂರು, ವರ್ಷಕ್ಕೆ ಒಂದು ದಿನ ತಿಳಿದವರನ್ನು ಕರೆಸಿ ತರಬೇತಿ ಕೊಡಿಸಬೇಕು. ಹೆಣ್ಣುಮಕ್ಕಳೂ ಬರಬೇಕು. ಹಿಂಡುವ ಯಂತ್ರ, ಮೇವು ಕತ್ತರಿಸುವ ಯಂತ್ರ ಓಡಿಸುವವರು ಹೆಚ್ಚಾಗಿ ಅವರೇ.

ಕೊನೆಯದಾಗಿ ಯುವಕರಿಗೆ. ಕಂಬ ಮತ್ತು ಟಿಸಿ ನಮ್ಮ ಹವ್ಯಾಸದ ಜಾಗ ಅಲ್ಲ. ಎಷ್ಟೇ ಬೆಳೆ ಒಣಗುತ್ತಿರಲಿ, ಲೈನ್‌ಮನ್ ಬರುವುದು ಎಷ್ಟೇ ತಡವಾಗಲಿ, ಕಂಬ ಹತ್ತಬೇಡಿ. ಟಿಸಿಯ ಫ್ಯೂಸಿಗೆ ಕೈ ಹಾಕಬೇಡಿ. ಹನ್ನೊಂದು ಸಾವಿರ ವೋಲ್ಟಿಗೆ ಮುಟ್ಟುವುದೂ ಬೇಕಿಲ್ಲ, ಹತ್ತಿರ ಹೋದರೆ ಸಾಕು. ಸುಟ್ಟ ಮೋಟ್ರನ್ನು ಮತ್ತೆ ವೈಂಡಿಂಗ್ ಮಾಡಿಸಬಹುದು. ಮನೆಯ ಮಗನನ್ನು ಮಾಡಿಸಲಾಗದು. ಜಗುಲಿಯ ಮೇಲೆ ಶನಿವಾರ ಸಂಜೆ ಜಾಗ ಇದ್ದೇ ಇದೆ. ಕೆಟ್ಟ ಸಾಮಾನು ತನ್ನಿ, ಜೊತೆಗೆ ಅದು ಯಾವಾಗ ಕೆಟ್ಟಿತು ಅನ್ನುವ ಸಮಾಚಾರವನ್ನೂ ತನ್ನಿ.

ಸಂಘ ಇನ್ನೂ ಬೆಳೆದು ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸುತ್ತಾ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.